ಬಡವಾದದ್ದು ಬಡಾವಣೆಯೇ, ಜನರೇ?

ಪ್ರಶ್ನೆ: ಮೂವತ್ತು ವರ್ಷದಿಂದ ಒಂದೇ ಬಡಾವಣೆಯಲ್ಲಿದ್ದೇನೆ. ಒಂದೊಂದೇ ಮನೆಗೆ ಬೀಗ ಬೀಳುತ್ತಿದೆ, ಅಂಗಡಿಗಳು ಮುಚ್ಚುತ್ತಿವೆ. ಹತ್ತು ವರ್ಷದಲ್ಲಿ ಇಲ್ಲಿನ ಸರಾಸರಿ ಆದಾಯ ಕುಸಿದಿದೆ ಎಂದು ಒಂದು ವರದಿಯಲ್ಲಿ ಓದಿದೆ. ನನ್ನ ಸಂಬಳ ಇಳಿದಿಲ್ಲ, ಅಕ್ಕಪಕ್ಕದವರದೂ ಇಳಿದಿಲ್ಲ. ಹಾಗಾದರೆ ಬಡವರಾದವರು ಯಾರು?

ಉತ್ತರ: ಯಾರಾದರೂ ಆಗಿರಲೇಬೇಕೆಂದೇನಿಲ್ಲ. ಇಂಥ ಅಂಕಿಅಂಶಗಳನ್ನು ಕೂಡಿ ಕಳೆದೇ ನನ್ನ ನೌಕರಿ ಮುಗಿಯಿತು. ಈ ಒಗಟು ಮೊದಲ ಸಲ ಎದುರಾದಾಗ ಕೂಡುವುದರಲ್ಲೇ ತಪ್ಪಿದ್ದೇನೆಂದು ಇಡೀ ಪಟ್ಟಿಯನ್ನು ಎರಡು ಸಲ ಕೂಡಿದ್ದೆ. ಲೆಕ್ಕ ಸರಿಯಾಗಿಯೇ ಇತ್ತು. ಹಳೆಯ ಪಟ್ಟಿಯ ಜನರೇ ಹೊಸ ಪಟ್ಟಿಯಲ್ಲೂ ಇದ್ದಾರೆಂದು ನಾನು ಭಾವಿಸಿಬಿಟ್ಟಿದ್ದೆ.

ಹತ್ತು ಮನೆಯ ಒಂದು ಬೀದಿ ಎಂದಿಟ್ಟುಕೊಳ್ಳಿ. ಎಂಟು ಮನೆಗಳ ಆದಾಯ ತಿಂಗಳಿಗೆ 40 ಸಾವಿರ, ಎರಡರದು ಒಂದೊಂದು ಲಕ್ಷ. ಸರಾಸರಿ 52 ಸಾವಿರ. ಲಕ್ಷದವರಿಬ್ಬರೂ ಮನೆ ಖಾಲಿ ಮಾಡಿದರು. ಸರಾಸರಿ 40ಕ್ಕೆ ಬಂತು. ಆ ಮನೆಗಳಿಗೆ 30 ಸಾವಿರ ದುಡಿಯುವ ಬಾಡಿಗೆದಾರರು ಬಂದರು, 38 ಆಯಿತು. ಉಳಿದ ಎಂಟು ಮನೆಗಳಲ್ಲಿ ಒಂದು ಕಾಸೂ ಕಡಿಮೆಯಾಗಿಲ್ಲ. ಆದಾಯಗಳನ್ನು ಸಾಲಾಗಿ ಜೋಡಿಸಿ ನಟ್ಟನಡುವಿನದನ್ನು, ಅಂದರೆ ಮಧ್ಯಾಂಕವನ್ನು ನೋಡಿದರೆ ಮೂರು ಸಲವೂ 40! (ನಿಮ್ಮ ಸಂಬಳ ಇಳಿದಿಲ್ಲ ಸರಿ, ಬೆಲೆ ಏರಿದಷ್ಟು ಏರಿದೆಯೇ? ಅದನ್ನೂ ನೋಡಿಕೊಳ್ಳಿ.)

ಕಾಗದದ ಮೇಲಿನ ಬೀದಿ ಇಷ್ಟು ಸರಳ. ಅಮೆರಿಕದ ಶಿಕಾಗೊ ನಗರದ ನಾರ್ತ್ ಲಾನ್‌ಡೇಲ್ ಬಡಾವಣೆ ನೋಡಿ. 1950ರಿಂದ 1960ರೊಳಗೆ ಅಲ್ಲಿನ ಬಿಳಿಯರು ಹೆಚ್ಚುಕಡಿಮೆ ಪೂರ್ತಿ ಹೊರಟುಹೋದರು, ಕಪ್ಪು ಜನ ಬಂದರು. ಆಗ ಜನಸಂಖ್ಯೆ ಇಳಿಯಲಿಲ್ಲ, ಒಂದು ಲಕ್ಷದಿಂದ ಸುಮಾರು 1,25,000ಕ್ಕೆ ಏರಿತು. ಕಪ್ಪು ಜನರಿರುವ ಕಡೆ ಬ್ಯಾಂಕುಗಳು ಗೃಹಸಾಲ ಕೊಡುತ್ತಿರಲಿಲ್ಲ. ಹಾಗಾಗಿ ಅವರು ದಲ್ಲಾಳಿಗಳಿಂದ ದುಪ್ಪಟ್ಟು ಬೆಲೆಗೆ, ಕಂತಿನ ಕರಾರಿನ ಮೇಲೆ ಮನೆ ಕೊಳ್ಳಬೇಕಾಯಿತು. ಕಂತು ತಪ್ಪಿದರೆ ಮನೆಯೂ ಹೋಯಿತು, ಅಲ್ಲಿಯವರೆಗೆ ಕಟ್ಟಿದ ಹಣವೂ ಹೋಯಿತು. ಕಂತು ತುಂಬಲು ಒಂದು ಮನೆಯಲ್ಲಿ ಎರಡು ಮೂರು ಸಂಸಾರ ಸೇರಿದವು, ರಿಪೇರಿಗೆ ದುಡ್ಡು ಉಳಿಯಲಿಲ್ಲ. ತಲೆ ಎಣಿಸಿದವರಿಗೆ ಬಡಾವಣೆ ಬೆಳೆಯುತ್ತಿದ್ದಂತೆ ಕಂಡಿರಬೇಕು. ಆಮೇಲೆ ಕೆಲಸಗಳೇ ಹೋದವು. ಅರವತ್ತರ ದಶಕದ ಕೊನೆಗೆ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್‌ನ ಟ್ರ್ಯಾಕ್ಟರ್ ಕಾರ್ಖಾನೆ ಮುಚ್ಚಿತು, 1973ರಲ್ಲಿ ಸಿಯರ್ಸ್ ಎಂಬ ದೊಡ್ಡ ಚಿಲ್ಲರೆ ವ್ಯಾಪಾರದ ಕಂಪನಿ ತನ್ನ ಮುಖ್ಯ ಕಚೇರಿಯನ್ನು ನಗರದ ನಡುವಿಗೆ ಒಯ್ದಿತು, ಪಕ್ಕದಲ್ಲೇ ಇದ್ದ, ದೂರವಾಣಿ ಉಪಕರಣ ತಯಾರಿಸುವ ಹಾಥಾರ್ನ್ ಕಾರ್ಖಾನೆಯೂ ಎಂಬತ್ತರ ದಶಕದಲ್ಲಿ ನಿಂತಿತು. 1990ರ ಹೊತ್ತಿಗೆ ಉಳಿದವರು ಸುಮಾರು 47,000. ಅಲ್ಲಿ ಜನ ನಿಜವಾಗಿಯೇ ಬಡವರಾದರು, ಹೋಗಲು ಶಕ್ತಿ ಇದ್ದವರು ಹೋದರು. ಎರಡೂ ಒಟ್ಟಿಗೆ ನಡೆದವು, ಸರಾಸರಿಯಲ್ಲಿ ಎರಡೂ ಒಂದೇ ಥರ ಕಾಣುತ್ತವೆ.

ನಿಮ್ಮಲ್ಲಿ ಯಾವುದು ನಡೆದಿದೆ? ಜನರ ಸಂಖ್ಯೆಯ ಜೊತೆ ಮನೆಗಳ ಸಂಖ್ಯೆಯನ್ನೂ ವರದಿಯಲ್ಲಿ ಹುಡುಕಿ. ಮಕ್ಕಳು ಬೇರೆ ಊರು ಸೇರಿ ಅಪ್ಪ ಅಮ್ಮ ಮಾತ್ರ ಉಳಿದರೆ, ಒಂದು ಮನೆಗೂ ಬೀಗ ಬೀಳದೆ ಜನ ಅರ್ಧವಾಗಬಹುದು. ಅವರಲ್ಲಿ ಒಬ್ಬರು ತೀರಿಕೊಂಡರೆ ಎರಡು ಪಿಂಚಣಿ ಬರುತ್ತಿದ್ದ ಮನೆಗೆ ಮೊದಲಿನಷ್ಟು ಬರುವುದಿಲ್ಲ. ಯಾರ ಸಂಬಳವೂ ಇಳಿಯದೆ ಮನೆಯ ಆದಾಯ ಇಳಿಯುವುದು ಹೀಗೆ. ನಿಮ್ಮ ಬೀದಿಯಲ್ಲಿ ಅಂಥ ಎಷ್ಟು ಮನೆಗಳಿವೆಯೆಂದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು.

ಅಂಗಡಿಯವರ ಮಾತು ಬೇರೆ. ಅವರಿಗೆ ಸರಾಸರಿಯೂ ಬೇಡ, ಮಧ್ಯಾಂಕವೂ ಬೇಡ, ಬೀದಿಯ ಒಟ್ಟು ದುಡ್ಡೇ ಮುಖ್ಯ. ನಮ್ಮ ಹತ್ತು ಮನೆಯ ಬೀದಿಯನ್ನೇ ಮತ್ತೆ ಕೂಡಿ ನೋಡಿ: ಮೊದಲು 5,20,000 ಇತ್ತು, ಈಗ 3,80,000. ಎಂಟು ಮನೆಯವರಿಗೆ ಏನೂ ಆಗಿಲ್ಲ. ಗಲ್ಲಾಪೆಟ್ಟಿಗೆಯ ಮುಂದೆ ಕೂತವರು ಮಾತ್ರ ಬಾಗಿಲು ಹಾಕಿದರು.