ನೀವು ಅವರಿಗೆ ಏನಾಗಬೇಕು?

ಪ್ರಿಯರೇ, ನಮಸ್ಕಾರ.

ನೀವು ಕಳುಹಿಸಿದ ‘ಮರೆಯಲಾಗದ ಮಾಣಿಕ್ಯ’ವನ್ನು ಎರಡು ಸಲ ಓದಿದೆ. ಮೂರು ತಿಂಗಳ ಹಿಂದೆ ತೀರಿಕೊಂಡ ಗೆಳೆಯನ ಕುರಿತು ಎಂಟು ಪುಟ ಬರೆದಿದ್ದೀರಿ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲು ನನ್ನಿಂದ ಆಗುವುದಿಲ್ಲ. ದುಃಖ ಇನ್ನೂ ಹಸಿಯಾಗಿರುವವರಿಗೆ ಈ ಮಾತು ಹೇಳಲು ನನಗೆ ಕಷ್ಟವಾಗುತ್ತಿದೆ. ಆದರೂ ‘ಪ್ರಕಟಣೆಗೆ ಸ್ವೀಕರಿಸಲಾಗಿಲ್ಲ’ ಎಂದು ಒಂದು ಸಾಲು ಬರೆದು ಸುಮ್ಮನಾಗಲು ಮನಸ್ಸು ಬರಲಿಲ್ಲ. ಎಂಟು ಪುಟಗಳಲ್ಲಿ ಒಂದು ಪುಟದಷ್ಟು ಬರಹ ಬಹಳ ಚೆನ್ನಾಗಿದೆ, ಮತ್ತು ಅದು ಯಾವುದು ಎಂಬುದು ನಿಮಗೆ ತಿಳಿದಂತಿಲ್ಲ.

ಮೊದಲು ಬೇಡವಾದದ್ದನ್ನು ಹೇಳಿಬಿಡುತ್ತೇನೆ. ಸ್ನೇಹಜೀವಿ, ಅಜಾತಶತ್ರು, ಸರಳ ಸಜ್ಜನಿಕೆಯ ಸಾಕಾರಮೂರ್ತಿ, ವಿಧಿಯ ಕ್ರೂರ ಆಟ, ತುಂಬಲಾರದ ನಷ್ಟ. ಕೊನೆಯಲ್ಲಿ ‘ಮತ್ತೆ ಹುಟ್ಟಿ ಬಾ ಗೆಳೆಯಾ’. ಈ ಮಾತುಗಳು ನಮ್ಮ ಊರುಗಳ ವೃತ್ತಗಳಲ್ಲಿ ಕಟ್ಟುವ ಫ್ಲೆಕ್ಸುಗಳ ಮೇಲೆ ಇರುತ್ತವೆ. ಅಲ್ಲಿ ಅವುಗಳಿಗೆ ಕೆಲಸವಿದೆ, ಕಟ್ಟಿದವರ ನೋವೂ ಸುಳ್ಳಲ್ಲ. ಆದರೆ ಅಲ್ಲಿನ ಫೋಟೊ ಬದಲಿಸಿ ಬೇರೊಬ್ಬರ ಫೋಟೊ ಅಂಟಿಸಿದರೂ ಮಾತು ಹಾಗೆಯೇ ಹೊಂದಿಕೊಳ್ಳುತ್ತದೆ. ನಿಮ್ಮ ಮೊದಲ ಮೂರು ಪುಟಗಳಲ್ಲಿ ನಿಮ್ಮ ಗೆಳೆಯನ ಮುಖ ನನಗೆ ಕಾಣಲಿಲ್ಲ.

ಕಂಡದ್ದು ನಾಲ್ಕನೆಯ ಪುಟದಲ್ಲಿ. ನೀವು ಧಾರವಾಡದಲ್ಲಿ ಚಿಗರಿ ಬಸ್ಸು ಹತ್ತಿ ಪಕ್ಕದ ಸೀಟಿನ ಮೇಲೆ ಬ್ಯಾಗ್ ಇಟ್ಟು ಜಾಗ ಹಿಡಿಯುತ್ತಿದ್ದಿರಿ. ಅವರು ನವನಗರದಲ್ಲಿ ಹತ್ತಿ, ಬ್ಯಾಗನ್ನು ಎತ್ತಿ ತಮ್ಮ ತೊಡೆಯ ಮೇಲೆ ಇಟ್ಟುಕೊಂಡು, ಹುಬ್ಬಳ್ಳಿಯವರೆಗೂ ನಿಮಗೆ ಮರಳಿಸುತ್ತಿರಲಿಲ್ಲ. ಎಂಥ ಸಾಲು! ಇಪ್ಪತ್ತೆರಡು ವರ್ಷದ ಸಲಿಗೆ ಆ ಬ್ಯಾಗಿನಲ್ಲಿದೆ. ಆದರೆ ಮರುವಾಕ್ಯದಲ್ಲೇ ನೀವು ‘ಇಂಥ ನಿಷ್ಕಲ್ಮಶ ಸ್ನೇಹ ಇಂದಿನ ದಿನಗಳಲ್ಲಿ ಅಪರೂಪ’ ಎಂದು ಸೇರಿಸಿ ಅದರ ಮೇಲೆ ತಣ್ಣೀರು ಸುರಿದಿದ್ದೀರಿ. ಆ ವಾಕ್ಯವನ್ನು ಹೊಡೆದುಹಾಕಿ. ಅದರ ಜಾಗದಲ್ಲಿ ನನಗೆ ಇನ್ನೊಂದು ವಿಷಯ ತಿಳಿಯಬೇಕು. ಈಗ ಬೆಳಿಗ್ಗೆ ಆ ಬ್ಯಾಗನ್ನು ಎಲ್ಲಿ ಇಡುತ್ತೀರಿ?

ಪಂಪ ಕರ್ಣ-ದುರ್ಯೋಧನರ ಗೆಳೆತನವನ್ನು ಹೇಳಿದ ಬಗೆಯನ್ನು ಶಾಲೆಯಲ್ಲಿಯೋ ಕಾಲೇಜಿನಲ್ಲಿಯೋ ನೀವು ಕೇಳಿರುತ್ತೀರಿ. ನಾವು ಸಾಮಾನ್ಯವಾಗಿ ಓದಿಕೊಂಡು ಬಂದಂತೆ, ದುರ್ಯೋಧನನ ಹೆಂಡತಿ ಭಾನುಮತಿ ಕರ್ಣನೊಡನೆ ನೆತ್ತ, ಅಂದರೆ ಪಗಡೆ, ಆಡಿ ಸೋಲುತ್ತಾಳೆ. ಸೋತದ್ದನ್ನು ಕೊಡು ಎಂದು ಅವನು ಕಾಡುವಾಗ ಹಾರ ಹರಿದು ಮುತ್ತು ಚೆಲ್ಲುತ್ತದೆ. ದುರ್ಯೋಧನ ಮುತ್ತು ಹಾಳಾದುದನ್ನಷ್ಟೇ ನೋಡುತ್ತಾನೆ, ಉಳಿದುದನ್ನು ನೋಡಿಯೂ ನೋಡದವನಂತಿರುತ್ತಾನೆ. ಸಾವಿರಕ್ಕೂ ಹೆಚ್ಚು ವರ್ಷಗಳಾದವು, ಆ ನಂಬಿಕೆಯನ್ನು ನೆನೆಯಬೇಕಾದಾಗಲೆಲ್ಲ ನಾವು ನೆಲದ ಮೇಲಿನ ಆ ಮುತ್ತುಗಳನ್ನೇ ನೆನೆಯುತ್ತೇವೆ. ನಿಮ್ಮ ಬ್ಯಾಗು ಆ ಜಾತಿಯದು.

ಆರನೆಯ ಪುಟಕ್ಕೆ ಬರುತ್ತೇನೆ. ಅವರ ನಂಬರನ್ನು ಈಗ ಅವರ ಹೆಂಡತಿ ಬಳಸುತ್ತಿದ್ದಾರೆ, ಗ್ಯಾಸ್ ಬುಕ್ಕಿಂಗ್, ಬ್ಯಾಂಕಿನ ಒಟಿಪಿ ಎಲ್ಲವೂ ಅದಕ್ಕೇ ಜೋಡಿಸಿರುವುದರಿಂದ. ಯಾವುದೋ ಕಾಗದಕ್ಕೆ ಸಹಿ ಬೇಕೆಂದು ಅವರು ಕರೆ ಮಾಡಿದಾಗ ನಿಮ್ಮ ಮೊಬೈಲಿನ ಪರದೆಯ ಮೇಲೆ ಗೆಳೆಯನ ಹೆಸರು, ನಗುವ ಫೋಟೊ. ಇದನ್ನು ಒಂದೇ ವಾಕ್ಯದಲ್ಲಿ ಹೇಳಿ ಮುಂದೆ ಹೋಗಿದ್ದೀರಿ! ಇಲ್ಲಿ ನಿಲ್ಲಿ. ಎಷ್ಟು ರಿಂಗ್ ಆದ ಮೇಲೆ ಎತ್ತಿದಿರಿ? ಎತ್ತಿದ ಕೂಡಲೇ ಬಾಯಿಗೆ ಬಂದದ್ದು ‘ಹೇಳ್ರಿ ವೈನಿ’ ಎಂದೋ, ರೂಢಿಯ ಬಲದಿಂದ ‘ಏನಲೇ’ ಎಂದೋ? ಆ ಹೆಸರನ್ನು ಬದಲಿಸಿ ಉಳಿಸಿಕೊಂಡಿರೋ, ಹಾಗೆಯೇ ಬಿಟ್ಟಿದ್ದೀರೋ? ಬರಹ ಶುರುವಾಗಬೇಕಾದದ್ದು ಈ ಕರೆಯಿಂದ.

ಇನ್ನು ಕಷ್ಟದ ಭಾಗ. ‘ನಡುವೆ ಸಣ್ಣ ಮನಸ್ತಾಪ ಬಂದು ಕೆಲಕಾಲ ಮಾತು ಕಡಿಮೆಯಾಗಿತ್ತು’ ಎಂದು ಬರೆದಿದ್ದೀರಿ. ಆದರೆ ಏಳನೆಯ ಪುಟದಲ್ಲಿ, ಅವರು ಆಸ್ಪತ್ರೆಯಲ್ಲಿದ್ದಾಗ ಒಂದು ಸಂಜೆ ನೀವು ಎಳನೀರು ಕೊಂಡು ಗೇಟಿನವರೆಗೆ ಹೋಗಿ, ಅದನ್ನು ಕಾವಲುಗಾರನ ಕೈಗಿತ್ತು ಮರಳಿದ್ದೀರಿ. ಸಣ್ಣ ಮನಸ್ತಾಪವಾಗಿದ್ದರೆ ವಾರ್ಡಿನವರೆಗೆ ಹೋಗುತ್ತಿದ್ದಿರಿ. ಜಗಳ ಯಾವುದಕ್ಕೆ ಎಂದು ನಾನು ಕೇಳುತ್ತಿಲ್ಲ. ಅದು ಇಲ್ಲದೆಯೂ ಬರಹ ನಿಲ್ಲಬಹುದು. ಆದರೆ ಆ ಗೇಟಿನಿಂದ ತಿರುಗಿ ಬಂದವರು ನೀವೇ ಎಂಬುದನ್ನು ವಿಶೇಷಣಗಳ ಹಿಂದೆ ಮುಚ್ಚಿಡಬೇಡಿ.

ಬರಹದ ಉದ್ದಕ್ಕೂ ‘ಗೆಳೆಯಾ, ನೀನು ಹೀಗಿದ್ದೆ, ನೀನು ಹಾಗಿದ್ದೆ’ ಎಂದು ಅವರನ್ನೇ ಕರೆದು ಮಾತನಾಡಿದ್ದೀರಿ. ಅದು ನಮ್ಮ ಹಳೆಯ ದಾರಿಯೇ. ರನ್ನನ ಗದಾಯುದ್ಧದಲ್ಲಿ ದುರ್ಯೋಧನ ರಣಭೂಮಿಯಲ್ಲಿ ಕರ್ಣನ ಕಳೇಬರದ ಮುಂದೆ ನಿಂತು ನೇರವಾಗಿ ಅವನೊಂದಿಗೇ ಮಾತನಾಡುತ್ತಾನೆ. ಅಲ್ಲಿ ಅವನು ಹೇಳುವುದೇನು ಗೊತ್ತೇ? ನೀನು ಯಾರೆಂದು ನನಗೆ ಗೊತ್ತು, ಕುಂತಿಗೆ ಗೊತ್ತು, ಕೃಷ್ಣನಿಗೆ, ಸೂರ್ಯನಿಗೆ, ಸಹದೇವನಿಗೆ ಗೊತ್ತು, ಬೇರೆ ಯಾರಿಗೂ ಗೊತ್ತಿಲ್ಲ ಎಂದು. ಬದುಕಿದ್ದಾಗ ಬಾಯಿ ಬಿಡದ ಸಂಗತಿ ಅದು. ಗೆಳೆಯನ ಹುಟ್ಟು ತಿಳಿದಿದ್ದೂ ಅವನನ್ನು ಅವನ ತಮ್ಮಂದಿರ ಎದುರು ಯುದ್ಧಕ್ಕೆ ನಿಲ್ಲಿಸಿದವನು ಈಗ ಹೆಣದ ಮುಂದೆ ಅದನ್ನು ಒಪ್ಪಿಕೊಳ್ಳುತ್ತಿದ್ದಾನೆ. ಆ ಪದ್ಯ ಓದಿದಾಗಲೆಲ್ಲ ನನ್ನ ಗಂಟಲು ಕಟ್ಟುತ್ತದೆ. ನೀವೋ, ನಿಮ್ಮ ಗೆಳೆಯನಿಗೆ ಅವರು ಮೊದಲೇ ತಿಳಿದಿದ್ದ ಸಂಗತಿಗಳನ್ನೇ ಹೇಳುತ್ತಿದ್ದೀರಿ: ನೀನು ಒಳ್ಳೆಯವನು, ನಗುನಗುತ್ತಿದ್ದವನು ಎಂದು. ಅವರಿಗೆ ತಿಳಿಯದೆ ಹೋದದ್ದು ಎಳನೀರಿನ ಸಂಗತಿ. ‘ನೀನು’ ಎಂದು ಕರೆಯುವುದಾದರೆ ಅದನ್ನು ಹೇಳಲು ಕರೆಯಿರಿ.

ಇದೆಲ್ಲದರ ಕೆಳಗೆ ಇನ್ನೊಂದು ವಿಷಯವಿದೆ. ನೀವು ಅದನ್ನು ಮುಟ್ಟಿ ಕೈ ಹಿಂದಕ್ಕೆ ತೆಗೆದಿದ್ದೀರಿ. ಅಂತ್ಯಕ್ರಿಯೆಯ ಮರುದಿನವೇ ನೀವು ಕಚೇರಿಗೆ ಹೋದಿರಿ, ಏಕೆಂದರೆ ಹತ್ತಿರದ ಸಂಬಂಧಿಯಲ್ಲದವರ ಸಾವಿಗೆ ಅಲ್ಲಿ ರಜೆ ಇರಲಿಲ್ಲ. ರಕ್ತಸಂಬಂಧಿಗಳಿಗೆ ಸೂತಕವಿದೆ. ಸಂಪ್ರದಾಯದಿಂದ ಸಂಪ್ರದಾಯಕ್ಕೆ ದಿನಗಳ ಲೆಕ್ಕ ಬೇರೆಯಾದರೂ, ಇಷ್ಟು ದಿನ ನೀನು ಊರಿನ ಎಲ್ಲರಂತೆ ಇರಬೇಕಾಗಿಲ್ಲ ಎಂದು ಅದು ಹೇಳುತ್ತದೆ. ಹೆಗಲು ಕೊಟ್ಟ ಗೆಳೆಯ ಮಾತ್ರ ಮನೆಗೆ ಬಂದು ತಲೆಗೆ ನೀರು ಹಾಕಿಕೊಂಡರೆ ಮುಗಿಯಿತು. ಪತ್ರಿಕೆಯ ನಿಧನ ವಾರ್ತೆಯಲ್ಲಿ ಪತ್ನಿ, ಮಕ್ಕಳ ನಂತರ ‘ಅಪಾರ ಬಂಧು-ಬಳಗ’ ಎಂದು ಬರುತ್ತದಲ್ಲ, ಅದರಲ್ಲಿ ಕೊನೆಯ ಮೂರಕ್ಷರ ನಿಮ್ಮದು. ಅಷ್ಟೇ ಜಾಗ.

ನನ್ನ ಗೆಳತಿ ಹೋಗಿ ಹನ್ನೊಂದು ವರ್ಷವಾಯಿತು. ಅವಳ ಮನೆಯ ಅಂಗಳದಲ್ಲಿ ಹಿರಿಯರೊಬ್ಬರು ಬಹಳ ಮೃದುವಾಗಿಯೇ ‘ನೀವು ಅವರಿಗೆ ಏನಾಗಬೇಕು?’ ಎಂದು ಕೇಳಿದರು. ‘ಸ್ನೇಹಿತೆ’ ಎಂದೆ. ತಲೆಯಾಡಿಸಿ ಒಳಗೆ ಹೋದರು. ಅಕ್ಕನೋ ನಾದಿನಿಯೋ ಆಗಿದ್ದರೆ ಕೈಹಿಡಿದು ಒಳಗೆ ಕರೆದುಕೊಂಡು ಹೋಗುತ್ತಿದ್ದರು. ಚಪ್ಪಲಿಗಳ ಪಕ್ಕದಲ್ಲಿ ಎಷ್ಟು ಹೊತ್ತು ನಿಂತಿದ್ದೆನೋ ನೆನಪಿಲ್ಲ. ನಿಮ್ಮ ಬರಹದಲ್ಲಿ ಕಚೇರಿಯ ಸಾಲು ಓದಿದಾಗ ಆ ಅಂಗಳ ನೆನಪಾಯಿತು. ಗೆಳೆಯರನ್ನು ಕಳೆದುಕೊಂಡವರು ಎಲ್ಲಿ ಕುಳಿತು ಅಳಬೇಕು ಎಂಬ ಬಗ್ಗೆ ಕನ್ನಡದಲ್ಲಿ ಇನ್ನೂ ಎಷ್ಟೋ ಬರೆಯುವುದಿದೆ. ನೀವು ಬರೆಯಬಲ್ಲಿರಿ ಎಂದು ನನಗೆ ಅನ್ನಿಸಿದ್ದಕ್ಕೇ ಇಷ್ಟು ಉದ್ದದ ಪತ್ರ.

ಕೆಲವು ಸಣ್ಣ ಸಂಗತಿಗಳು. ಕಾಯಿಲೆಯ ವಿವರ, ವರದಿಗಳ ಅಂಕಿಗಳು ಬೇಡ; ಅವು ಅವರ ಮನೆಯವರಿಗೆ ಸೇರಿದ್ದು. ಫೋನಿನ ಪ್ರಸಂಗವನ್ನು ಅಚ್ಚಿಗೆ ಕೊಡುವ ಮೊದಲು ಅವರ ಹೆಂಡತಿಗೆ ಓದಿ ಹೇಳಿ. ಅವರು ಬೇಡವೆಂದರೆ ಬಿಟ್ಟುಬಿಡಿ, ನಾನು ಒತ್ತಾಯಿಸುವುದಿಲ್ಲ. ಶೀರ್ಷಿಕೆಯಿಂದ ಮಾಣಿಕ್ಯವನ್ನು ತೆಗೆಯಿರಿ. ‘ಕಣ್ಣೀರ ಕೋಡಿ’ ನಾಲ್ಕು ಕಡೆ ಬಂದಿದೆ, ನಾಲ್ಕೂ ಹೋಗಲಿ. ನೀವು ಅತ್ತಿದ್ದೀರೆಂದು ಎಳನೀರು ನನಗೆ ಹೇಳಿದೆ.

ಎಂಟು ಪುಟಗಳನ್ನು ತಿದ್ದಲು ಕೂರಬೇಡಿ. ಅವನ್ನು ಪಕ್ಕಕ್ಕಿಟ್ಟು ಹೊಸ ಹಾಳೆಯಲ್ಲಿ ಆ ಫೋನ್ ಕರೆಯನ್ನು ಮಾತ್ರ ಬರೆಯಿರಿ, ರಿಂಗ್ ಆದಾಗಿನಿಂದ ಇಟ್ಟ ತನಕ. ಅಷ್ಟನ್ನೇ ನನಗೆ ಕಳುಹಿಸಿ. ಈ ತಿಂಗಳಾದರೂ ಸರಿ, ಬರುವ ವರ್ಷವಾದರೂ ಸರಿ. ಲಕೋಟೆಯ ಮೇಲೆ ‘ಬ್ಯಾಗು’ ಎಂದು ಬರೆಯಿರಿ, ಕಂಡ ಕೂಡಲೇ ತೆರೆಯುತ್ತೇನೆ.

ನಿಮ್ಮ,
ಸಂಪಾದಕಿ