60 ಕೆಜಿಯಲ್ಲಿ ನೀರೆಷ್ಟು, ಮೈಯೆಷ್ಟು?

ಸೇಡಂನ ಓದುಗರೊಬ್ಬರು ಬರೆದಿದ್ದಾರೆ: “ಸಿರೋಸಿಸ್ (ಲಿವರ್ ಗಾಯಗಟ್ಟಿ ಗಡುಸಾಗುವ ರೋಗ) ಆಗಿರುವ ನಮ್ಮವ್ವ ಕಲಬುರಗಿಯಲ್ಲಿ ಐಸಿಯುನಲ್ಲಿದ್ದಾಳೆ. ಎತ್ತರ 150 ಸೆಂ.ಮೀ., ತೂಕ 60 ಕೆಜಿ. ಹೊಟ್ಟಿ ಬಿಗಿದೈತಿ, ಕಾಲು ಬಾತಾವ, ಕೈಬಳಿ ಮಾತ್ರ ಮೊಣಕೈತನ ಜಾರತಾವ. ದಪ್ಪ ಇದ್ದವರು ತಡಕೋತಾರ ಅಂತ ಮಂದಿ ಅಂತಾರ, ಡಾಕ್ಟರು ಭಾಳ ಸೊರಗ್ಯಾರ ಅಂತಾರ. ಯಾವುದು ಖರೆ?”

ಡಾಕ್ಟರ ಮಾತೇ ಖರೆ, ಸಹೋದರರೇ. ನಿಮ್ಮ ಪತ್ರದ ಆ ಬಳೆಗಳೇ ಅದಕ್ಕೆ ಸಾಕ್ಷಿ. ಹೊಟ್ಟೆಯಲ್ಲಿ ನೀರು ತುಂಬಿದೆ, ತೋಳಿನ ಮಾಂಸ ಕರಗಿದೆ. ತೂಕದ ಯಂತ್ರ ಎರಡನ್ನೂ ಕೂಡಿಸಿ ಒಂದೇ ಅಂಕಿ ತೋರಿಸುತ್ತದೆ.

ಹೊಟ್ಟೆಯ ನೀರು ಅಲ್ಪವಿದ್ದರೆ ಅಳೆದ ತೂಕದಲ್ಲಿ ಶೇ 5, ಮಧ್ಯಮವಿದ್ದರೆ ಶೇ 10, ಬಿಗಿದು ನಿಂತಿದ್ದರೆ ಶೇ 15 ಕಳೆಯುತ್ತಾರೆ. ಎರಡೂ ಕಾಲು ಬಾತಿದ್ದರೆ ಇನ್ನೊಂದು ಶೇ 5. ನಿಮ್ಮ ತಾಯಿಯವರ ಲೆಕ್ಕದಲ್ಲಿ 12 ಕೆಜಿ ನೀರು, 48 ಕೆಜಿ ಒಣ ತೂಕ. ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಂಕಿ) 26.7ರಿಂದ 21.3ಕ್ಕೆ ಬಂತು. ಇದು ಅಂದಾಜೇ, ಆದರೂ ಯಂತ್ರದ ಅಂಕಿಗಿಂತ ಸತ್ಯಕ್ಕೆ ಹತ್ತಿರ.

ಐಸಿಯುಗಳಲ್ಲಿ ತುಸು ದಪ್ಪಗಿದ್ದವರು ಹೆಚ್ಚು ಬದುಕುಳಿದದ್ದನ್ನು ಹಲವು ಅಧ್ಯಯನಗಳು ಕಂಡಿವೆ. ಮಂದಿ ಮಾತಿಗೆ ಅಷ್ಟು ಆಧಾರವುಂಟು. ಲಿವರ್ ರೋಗಿಗಳಿಗೆ ಅದನ್ನೇ ಹೊಂದಿಸಿದರೆ ನೀರೂ ಬೊಜ್ಜಿನ ಲೆಕ್ಕಕ್ಕೆ ಸೇರಿಬಿಡುತ್ತದೆ. ಇಲ್ಲಿ ಕಾಯುವುದು ಮಾಂಸಖಂಡ. ಲಿವರ್ ಸೋತಾಗ, ಮಿದುಳನ್ನು ಮಂಕಾಗಿಸುವ ರಕ್ತದ ಅಮೋನಿಯಾವನ್ನು ಒಂದಿಷ್ಟಾದರೂ ತೆಗೆಯುವುದು ಅದೇ. ಅದು ಸವೆದರೆ ಮಂಪರು ಬೇಗ ಕವಿಯುತ್ತದೆ. ಉಸಿರಾಟದ ಸ್ನಾಯು ಸೊರಗಿದರೆ ವೆಂಟಿಲೇಟರ್ ಬಿಡಿಸುವುದು ಕಷ್ಟ.

ಆಹಾರದ ಲೆಕ್ಕವೂ ಒಣ ತೂಕದ್ದೇ. ಕೆಜಿಗೆ 35ರಂತೆ ದಿನಕ್ಕೆ 1,680 ಕಿಲೋಕ್ಯಾಲರಿ, 1.2ರಿಂದ 1.5 ಗ್ರಾಂನಂತೆ 58ರಿಂದ 72 ಗ್ರಾಂ ಪ್ರೊಟೀನ್. ಐಸಿಯುನಲ್ಲಿ ಇದನ್ನು ವೈದ್ಯರೇ ನಿರ್ಧರಿಸಿ, ಬೇಕಾದರೆ ಮೂಗಿನ ನಳಿಕೆಯಿಂದ ಕೊಡುತ್ತಾರೆ. ತಪ್ಪಾಗುವುದು ವಾರ್ಡಿಗೆ ಬಂದ ಮೇಲೆ. ಕಾಮಣಿ ಪಥ್ಯವೆಂದು ಬರೀ ಗಂಜಿ ಕುಡಿಸುತ್ತಾರೆ. ಪ್ರೊಟೀನಿನಿಂದ ಅಮೋನಿಯಾ ಏರಿ ಮಂಪರು ಬಂದೀತೆಂದು ಹೆದರಿ ಅದನ್ನು ಕಡಿಮೆ ಮಾಡುವ ಹಳೆಯ ರೂಢಿಯನ್ನು ವೈದ್ಯರು ಕೈಬಿಟ್ಟಿದ್ದಾರೆ. 100 ಗ್ರಾಂ ಒಣ ತೊಗರಿಬೇಳೆಯಲ್ಲಿ ಸುಮಾರು 22 ಗ್ರಾಂ ಪ್ರೊಟೀನ್ ಇದೆ. ತೊಗರಿ ಬೆಳೆಯುವ ನಾವೇ ರೋಗಿಗೆ ಮೇಲಿನ ತಿಳಿ ಬಗ್ಗಿಸಿ ಬೇಳೆಯನ್ನು ತಳದಲ್ಲೇ ಉಳಿಸುತ್ತೇವಲ್ಲ, ಸಂಕಟವಾಗುತ್ತದೆ. ಬೇಳೆ ಮೆತ್ತಗೆ ಬೇಯಿಸಿ, ಕಡಿಮೆ ಉಪ್ಪು ಹಾಕಿ ಕೊಡಿ. ಹಪ್ಪಳ, ಉಪ್ಪಿನಕಾಯಿ ಬೇಡ. ಎಳನೀರಿನಲ್ಲಿ ಪೊಟ್ಯಾಸಿಯಂ ಹೆಚ್ಚು, ಡಾಕ್ಟರನ್ನು ಕೇಳದೆ ಕುಡಿಸಬೇಡಿ.

ಮಲಗುವ ಮುಂಚೆ ಹಾಲಲ್ಲಿ ನೆನೆಸಿದ ರೊಟ್ಟಿ ತಿನ್ನಿಸಿ. ಈ ರೋಗಿಗಳ ಲಿವರ್‌ನಲ್ಲಿ ಸಕ್ಕರೆಯ ದಾಸ್ತಾನು ತೀರಾ ಕಡಿಮೆ. ಅವರ ಒಂದು ರಾತ್ರಿಯ ಉಪವಾಸ ಆರೋಗ್ಯವಂತರ ಎರಡು-ಮೂರು ದಿನದ್ದಕ್ಕೆ ಸಮ. ಆಗ ದೇಹ ತನ್ನ ಮಾಂಸವನ್ನೇ ಕರಗಿಸುತ್ತದೆ.

ಹೊಟ್ಟೆಯಿಂದ 5 ಲೀಟರ್ ನೀರು ತೆಗೆದ ದಿನ ತೂಕ 55ಕ್ಕಿಳಿದರೆ ಗಾಬರಿಯಾಗಬೇಡಿ, ಆ ಅಂಕಿಯನ್ನು ಬರೆದಿಡಿ. ವಾರಕ್ಕೊಮ್ಮೆ ಭುಜದ ತುದಿಗೂ ಮೊಣಕೈಗೂ ನಟ್ಟನಡುವೆ ಟೇಪು ಸುತ್ತಿ ಅಳೆಯಿರಿ. ಆ ಅಳತೆ ಕುಗ್ಗುತ್ತಿದ್ದರೆ ತಡಮಾಡದೆ ಡಾಕ್ಟರಿಗೆ ತೋರಿಸಿ.