ಕುಂಡೆ ಹಬ್ಬದ ವಾದ ಬಿಡಿ, ಮೊದಲು ಅಕ್ಕನ ಜೊತೆ ಮಾತಾಡಿ

ಪ್ರಶ್ನೆ: ನನಗೆ 26 ವರ್ಷ. ಸೋಮವಾರಪೇಟೆ ಹತ್ತಿರ ನಮ್ಮೂರು, ಮನೆಯಲ್ಲಿ ಕಾಫಿ, ಮೆಣಸು ಇದೆ. ನಾನು ಬೆಂಗಳೂರಿನ ಬೊಟೀಕ್ ಒಂದರಲ್ಲಿ ಕೆಲಸ ಮಾಡುತ್ತಾ ನಾಟಕ ತಂಡಗಳಿಗೆ, ಡ್ಯಾನ್ಸ್ ಕಾರ್ಯಕ್ರಮಗಳಿಗೆ ಉಡುಪು ಹೊಲಿದುಕೊಡುತ್ತೇನೆ. ವಾರಾಂತ್ಯದಲ್ಲಿ ಡ್ರ್ಯಾಗ್ ಶೋ ಮಾಡುತ್ತೇನೆ, ಅಂದರೆ ಹೆಣ್ಣಿನ ವೇಷ ಕಟ್ಟಿ ಹಾಡು, ಕುಣಿತ, ಹಾಸ್ಯ. ಕಳೆದ ತಿಂಗಳು ಅದರ ವಿಡಿಯೊ ನಮ್ಮ ಕುಟುಂಬದ ವಾಟ್ಸ್‌ಆ್ಯಪ್ ಗ್ರೂಪಿಗೆ ಬಂತು. ‘ಇದೇನು ಕುಂಡೆ ಹಬ್ಬವಾ?’ ಎಂದು ಚಿಕ್ಕಪ್ಪ ಬರೆದರು. ‘ಹಬ್ಬದಲ್ಲಿ ಗಂಡಸರು ಸೀರೆ ಉಟ್ಟರೆ ಸರಿ, ನಾನು ಉಟ್ಟರೆ ತಪ್ಪಾ?’ ಎಂದು ನಾನೂ ಬರೆದೆ. ಅಂದಿನಿಂದ ಅಪ್ಪ ಮಾತು ಬಿಟ್ಟಿದ್ದಾರೆ. ಮೇ ತಿಂಗಳಲ್ಲಿ ಅಕ್ಕನ ಮದುವೆ. ಇದನ್ನೆಲ್ಲ ಬಿಟ್ಟು ತೋಟ ನೋಡಿಕೊಳ್ಳಲು ಬಾ, ಇಲ್ಲದಿದ್ದರೆ ಮದುವೆಗೂ ಬರಬೇಡ ಎಂದು ಅಮ್ಮನ ಕೈಲಿ ಹೇಳಿಸಿದ್ದಾರೆ. ಯಾರಾದರೂ ಡಾಕ್ಟರಿಗೆ ತೋರಿಸೋಣ ಎನ್ನುತ್ತಾರೆ ಚಿಕ್ಕಪ್ಪ. ರಾತ್ರಿ ನಿದ್ದೆ ಹತ್ತುತ್ತಿಲ್ಲ. ಬಿಟ್ಟುಬಿಡಲೇ?
– ಹೆಸರು ಬೇಡ

ಉತ್ತರ: ಬಿಡಬೇಡಿ. ಆದರೆ ಗ್ರೂಪಿನಲ್ಲಿ ಶುರು ಮಾಡಿದ ಆ ವಾದವನ್ನು ಮಾತ್ರ ಇಲ್ಲಿಗೇ ನಿಲ್ಲಿಸಿ.

ಡಾಕ್ಟರ ಮಾತನ್ನು ಮೊದಲು ಮುಗಿಸೋಣ. ವೇಷ ಕಟ್ಟುವುದು ಕಾಯಿಲೆಯಲ್ಲ. ನಿಮ್ಮ ಮನಸ್ಸು ಯಾರ ಕಡೆಗೆ ಒಲಿಯುತ್ತದೆ ಎಂದು ನೀವು ಬರೆದಿಲ್ಲ, ನಾನೂ ಕೇಳುವುದಿಲ್ಲ. ಯಾರ ಕಡೆಗೇ ಒಲಿಯಲಿ, ಅದೂ ಕಾಯಿಲೆಯಲ್ಲ. ಸಮಾಜದ ರೀತಿನೀತಿಗೆ ಹೊಂದಿಕೊಳ್ಳಲಿಲ್ಲ ಎಂಬ ಕಾರಣಕ್ಕೆ ಒಬ್ಬರನ್ನು ಮಾನಸಿಕ ರೋಗಿ ಎನ್ನುವಂತಿಲ್ಲ ಎಂದು 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲೇ ಇದೆ. ಲೈಂಗಿಕ ಒಲವನ್ನೋ ಲಿಂಗ ಗುರುತನ್ನೋ ‘ಸರಿ ಮಾಡುವ’ ಚಿಕಿತ್ಸೆ ಕೊಟ್ಟರೆ ಅದು ವೈದ್ಯರ ವೃತ್ತಿ ದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಹೇಳಿದೆ. ಚಿಕ್ಕಪ್ಪನಿಗೆ ಇಷ್ಟು ಸಾಕು. ನಿಮಗೆ ರಾತ್ರಿ ನಿದ್ದೆ ಹತ್ತುತ್ತಿಲ್ಲ ಎಂದು ಬರೆದಿದ್ದೀರಲ್ಲ, ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ದುಡ್ಡು ಕೊಡಬೇಕಾಗಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಇನ್ನು ಕುಂಡೆ ಹಬ್ಬ. ನಿಮ್ಮ ಮಾರುತ್ತರ ಚುರುಕಾಗಿಯೇ ಇದೆ, ಓದಿ ನಕ್ಕೆ. ಅದರಿಂದ ಅಪ್ಪ ಕರಗುವುದಿಲ್ಲ ಅಷ್ಟೆ. ಕೊಡಗಿನ ದೇವರಪುರದಲ್ಲಿ ಮೇ ತಿಂಗಳ ಒಂದು ಗುರುವಾರ ಜೇನುಕುರುಬ, ಯರವ ಬುಡಕಟ್ಟಿನ ಗಂಡಸರು ಸೀರೆಯೋ ನೈಟಿಯೋ ಸಿಕ್ಕಿದ್ದನ್ನು ತೊಟ್ಟು, ಡಬ್ಬ ಬಡಿಯುತ್ತ, ದೇವರನ್ನೂ ದಾರಿಯಲ್ಲಿ ಸಿಕ್ಕವರನ್ನೂ ಬಾಯಿಗೆ ಬಂದಂತೆ ಬೈಯುತ್ತ ಕುಣಿಯುತ್ತಾರೆ. ಬೇಟೆಗೆಂದು ಕರೆದುಕೊಂಡು ಹೋದ ಅಯ್ಯಪ್ಪ, ಭದ್ರಕಾಳಿಯ ಹಿಂದೆ ಹೋಗಿ ತಮ್ಮನ್ನು ಕಾಡಲ್ಲೇ ಕೈಬಿಟ್ಟ ಎಂಬ ಸಿಟ್ಟು ಅದು. ಆ ದಿನ ಮುಗಿದರೆ ವೇಷವೂ ಮುಗಿಯಿತು, ಬೈಗುಳವೂ ಮುಗಿಯಿತು. ಊರಿನವರು ಒಪ್ಪಿಕೊಂಡಿರುವುದು ಆ ಒಂದು ದಿನವನ್ನು. ನೀವು ಕೇಳುತ್ತಿರುವುದು ವರ್ಷದ ಮಿಕ್ಕ ದಿನಗಳನ್ನು. ಇನ್ನೊಂದು ಮಾತು, ಬೇಸರ ಮಾಡಿಕೊಳ್ಳಬೇಡಿ. ವರ್ಷವಿಡೀ ತೋಟದಲ್ಲಿ ದುಡಿದು ಒಂದು ದಿನ ಬಾಯಿಬಿಟ್ಟು ಬೈಯುವವರ ಹಬ್ಬವನ್ನು ತೋಟದ ಮನೆಯ ಹುಡುಗ ತನ್ನ ಗುರಾಣಿ ಮಾಡಿಕೊಂಡದ್ದು ನನಗೆ ಅಷ್ಟು ಸರಿ ಕಾಣಲಿಲ್ಲ.

ಯಕ್ಷಗಾನದಲ್ಲಿ ಗಂಡಸರೇ ಹೆಣ್ಣಿನ ವೇಷ ಕಟ್ಟುತ್ತಾರಲ್ಲ ಎಂಬ ವಾದವೂ ಹೀಗೆಯೇ. ಕೋಳ್ಯೂರು ರಾಮಚಂದ್ರ ರಾಯರ ಸ್ತ್ರೀವೇಷ, ಮಂಟಪ ಪ್ರಭಾಕರ ಉಪಾಧ್ಯರ ಏಕವ್ಯಕ್ತಿ ಪ್ರದರ್ಶನ ಎಲ್ಲವನ್ನೂ ಹೇಳಬಹುದು. ‘ಅದು ಪುರಾಣ, ನಿಂದು ಪಬ್ಬು’ ಎಂದು ಅಪ್ಪ ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ಅಪ್ಪನ ಭಯ ಬೇರೆ ಇದೆ. ನಲವತ್ತಾದಾಗ ಇವನ ಹೊಟ್ಟೆಪಾಡೇನು, ತೋಟ ಯಾರ ಕೈಗೆ, ಬೀಗರು ಏನೆಂದಾರು. ಈ ಮೂರರಲ್ಲಿ ಮೊದಲನೆಯದಕ್ಕೆ ಮಾತ್ರ ನಿಮ್ಮ ಹತ್ತಿರ ಉತ್ತರ ಇದೆ. ಅದು ನಿಮ್ಮ ಪತ್ರದಲ್ಲೇ ಇದೆ, ನೀವು ನೋಡಿಕೊಂಡಿಲ್ಲ.

ಜಾಗ ಸಾಲದೆ ಪತ್ರವನ್ನು ಮೊಟಕು ಮಾಡಿದ್ದೇನೆ. ಬಿಟ್ಟ ಭಾಗದಲ್ಲಿ ಬಹುಪಾಲು ಹೊಲಿಗೆಯದೇ ಮಾತು. ಸೊಂಟದ ಆಕಾರಕ್ಕೆ ಸೋಫಾದ ಸ್ಪಾಂಜ್ ಕತ್ತರಿಸಿ, ಅಂಚು ಎದ್ದು ಕಾಣದ ಹಾಗೆ ಕತ್ತರಿಯಲ್ಲೇ ಸವರಿ ಸವರಿ ತೆಳು ಮಾಡಿ, ಮೇಲೆ ಒಂದರ ಮೇಲೊಂದು ಟೈಟ್ಸ್ ಎಳೆದುಕೊಳ್ಳುವುದು. ಹುಬ್ಬಿನ ಕೂದಲನ್ನು ಗ್ಲೂ ಸ್ಟಿಕ್ಕಿನಲ್ಲಿ ಮಲಗಿಸಿ, ಪೌಡರ್ ಒತ್ತಿ, ಅದರ ಮೇಲೆ ಬೇರೆ ಹುಬ್ಬು ಬರೆಯುವುದು. ಚಮಕಿ ಹಚ್ಚಿದ ಬಟ್ಟೆ ಕಂಕುಳು ಕೆರೆಯುತ್ತದೆಂದು ಒಳಗೆ ಕಾಟನ್ ಅಸ್ತರ ಕೊಟ್ಟದ್ದು, ಎರಡು ಹಾಡಿನ ನಡುವೆ ಉಡುಪು ಬದಲಿಸಲು ಹುಕ್ಕು ತೆಗೆದು ವೆಲ್ಕ್ರೊ ಹಾಕಿದ್ದು. ಚಪ್ಪಾಳೆಯ ಬಗ್ಗೆ ಬರೆದದ್ದು ಒಂದೇ ಸಾಲು. ಇದು ಪಳಗಿದ ಕೈಯ ಮಾತು. ಅಪ್ಪನಿಗೆ ವಿಡಿಯೊ ಗೊತ್ತು, ಈ ಕೈ ಗೊತ್ತಿಲ್ಲ.

ಹಾಗೆಂದು ‘ನಾನು ಬರೀ ಡಿಸೈನರ್, ಅದು ಸುಮ್ಮನೆ ತಮಾಷೆಗೆ’ ಎಂದು ವೇದಿಕೆಯನ್ನು ಹೊಲಿಗೆಯ ಹಿಂದೆ ಬಚ್ಚಿಡಬೇಡಿ. ಮುಂದಿನ ವಿಡಿಯೊ ಬಂದ ದಿನ ಆ ಸುಳ್ಳು ಹೊರಬರುತ್ತದೆ. ಬೆಂಗಳೂರಿನಲ್ಲಿ ಅಲೆಕ್ಸ್ ಮ್ಯಾಥ್ಯೂ ಎಂಬುವರು 2014ರಿಂದ ಮಾಯಾ ಎಂಬ ಹೆಸರಿನಲ್ಲಿ, ಮುಚ್ಚುಮರೆಯಿಲ್ಲದೆ, ಸೀರೆ ಉಟ್ಟೇ ಡ್ರ್ಯಾಗ್ ಮಾಡುತ್ತ ಬಂದಿದ್ದಾರೆ. ದಾರಿ ಇದೆ ಅನ್ನುವುದಕ್ಕೆ ಹೇಳಿದೆ, ಆ ದಾರಿಯಲ್ಲಿ ದುಡ್ಡು ಸುರಿಯುತ್ತದೆ ಎಂದಲ್ಲ. ದುಡ್ಡಿನ ಮಾತಿಗೆ ಬಾಲಗಂಧರ್ವರನ್ನು ನೆನೆಯಿರಿ. 1888ರಲ್ಲಿ ಹುಟ್ಟಿದ ಆ ಮರಾಠಿ ನಟ ರಂಗದ ಮೇಲೆ ಉಟ್ಟ ಸೀರೆ, ಮುಡಿದ ಹೂವನ್ನು ನೋಡಿ ಊರ ಹೆಂಗಸರು ಹಾಗೆಯೇ ಉಡುತ್ತಿದ್ದರಂತೆ. ವೇಷಕ್ಕೆ, ರಂಗಸಜ್ಜಿಗೆಗೆ ಧಾರಾಳವಾಗಿ ಸುರಿದು ಅವರ ನಾಟಕ ಕಂಪನಿ ಸಾಲದಲ್ಲಿ ಮುಳುಗಿತು. ನೀವು ಒಂದು ವಿಗ್ಗಿಗೆ ಅರ್ಧ ತಿಂಗಳ ಸಂಬಳ ಸುರಿದದ್ದನ್ನು ಹೆಮ್ಮೆಯಿಂದ ಬರೆದಿದ್ದೀರಿ, ನನಗೆ ಗಾಬರಿಯಾಯಿತು. ಶೋದಲ್ಲಿ ಬಂದದ್ದೆಷ್ಟು, ವೇಷಕ್ಕೆ ಹೋದದ್ದೆಷ್ಟು, ಹೊಲಿಗೆಯಲ್ಲಿ ಉಳಿದದ್ದೆಷ್ಟು ಎಂದು ಒಂದು ಪುಸ್ತಕದಲ್ಲಿ ಬರೆದಿಡಿ. ಮಾಡಿದ ಪ್ರತಿ ಉಡುಪಿಗೂ ಮುಂದಿನಿಂದ, ಹಿಂದಿನಿಂದ, ಒಳಹೊಲಿಗೆಯದೊಂದು ಫೋಟೊ ಇರಲಿ. ಹೆಗ್ಗೋಡಿನ ನೀನಾಸಂನಲ್ಲೂ ಮೈಸೂರಿನ ರಂಗಾಯಣದಲ್ಲೂ ಒಂದು ವರ್ಷದ ರಂಗಶಿಕ್ಷಣ ಇದೆ, ಅದನ್ನೂ ವಿಚಾರಿಸಿ ನೋಡಿ. ಫ್ಯಾಷನ್ ವಿನ್ಯಾಸ ಕಲಿಸುವ ನಿಫ್ಟ್‌ನ ನಾಲ್ಕು ವರ್ಷ ಮತ್ತು ಆ ಫೀಸು ಈಗ ನಿಮಗೆ ಬೇಡವೆಂದೇ ನನ್ನ ಅನಿಸಿಕೆ.

ಹಿಂದೆ ನೆರಿಗೆ ಬರುವ ಕೊಡಗಿನ ಸೀರೆಯಿಂದ ಒಂದು ಗೌನ್ ಮಾಡುವ ನಿಮ್ಮ ಯೋಚನೆ ಚೆನ್ನಾಗಿದೆ. ನೆರಿಗೆ ಬೆನ್ನಿಗಿದ್ದರೆ ಕಾಲಿಗೆ ಸಿಗುವುದಿಲ್ಲ, ಕುಣಿಯುವವರಿಗೆ ಅದು ದೊಡ್ಡ ಅನುಕೂಲ. ಆದರೆ ಕೊಡವ ಗಂಡಸರು ತೊಡುವ ಕುಪ್ಯ ಎಂಬ ನಿಲುವಂಗಿ, ಚೇಲೆ ಎಂಬ ಸೊಂಟಪಟ್ಟಿ, ಪೀಚೆಕತ್ತಿಯನ್ನು ನಗಿಸಲು ತೊಡಬೇಡಿ. ಕೊಡವರು ತಮ್ಮ ಉಡುಪಿನ ವಿಷಯದಲ್ಲಿ ಸೂಕ್ಷ್ಮ, ಅದಕ್ಕೆ ಕಾರಣವೂ ಇದೆ. ನಿಮಗೆ ಈಗ ಇನ್ನೊಂದು ಜಗಳ ಬೇಡ.

ಈಗ ಮನೆ. ‘ನೀನೂ ಮಂಜಮ್ಮನವರ ಹಾಗಾ?’ ಎಂದು ಅಮ್ಮ ಕೇಳಿದ್ದನ್ನು ಬೈಗುಳವೆಂದು ತಿಳಿದು ಫೋನ್ ಇಟ್ಟಿದ್ದೀರಿ. ನನಗೆ ಹಾಗೆ ಕೇಳಿಸಲಿಲ್ಲ. ಜಾನಪದ ಅಕಾಡೆಮಿಯ ಅಧ್ಯಕ್ಷರಾಗಿದ್ದ, 2021ರ ಪದ್ಮಶ್ರೀ ಪಡೆದ ಟ್ರಾನ್ಸ್‌ಜೆಂಡರ್ ಕಲಾವಿದೆ ಮಂಜಮ್ಮ ಜೋಗತಿಯವರ ಹೆಸರು ಹಿಡಿದು ಕೇಳಿದ್ದಾರೆ. ಅಮ್ಮನಿಗೆ ಗೊತ್ತಿರುವ ಅತ್ಯಂತ ಗೌರವದ ಉದಾಹರಣೆ ಅದೇ ಇರಬೇಕು. ಮತ್ತೆ ಫೋನ್ ಮಾಡಿ, ಇದ್ದದ್ದನ್ನು ಹೇಳಿ. ಮಂಜಮ್ಮನವರು ವೇದಿಕೆ ಇಳಿದ ಮೇಲೂ ಹೆಣ್ಣೇ. ನಿಮ್ಮದು ಶೋ ಮುಗಿದ ಮೇಲೆ ಸೂಟ್‌ಕೇಸಿಗೆ ಹೋಗುವ ವೇಷವಾದರೆ ಹಾಗೆಂದೇ ಹೇಳಿ. ಅದಕ್ಕಿಂತ ಹೆಚ್ಚಿನದಾದರೆ, ಹೇಳುವ ಹೊತ್ತನ್ನು ನೀವೇ ಆರಿಸಿಕೊಳ್ಳಿ, ಯಾರ ಅವಸರಕ್ಕೂ ಬೇಡ.

ಆದರೆ ಅಮ್ಮನಿಗಿಂತ ಮೊದಲು ಅಕ್ಕ. ಇಡೀ ಪತ್ರದಲ್ಲಿ ಅಕ್ಕನ ಒಂದು ಮಾತೂ ಇಲ್ಲ. ಎಲ್ಲರೂ ಅವರ ಮದುವೆಯ ಹೆಸರಿನಲ್ಲಿ ಕಿತ್ತಾಡುತ್ತಿದ್ದೀರಿ, ಅವರನ್ನು ಯಾರೂ ಕೇಳಿದಂತಿಲ್ಲ. ವಿಡಿಯೊ ಗ್ರೂಪಿಗೆ ಬಂದಾಗಿದೆ, ಬೀಗರ ಮನೆಗೆ ಮುಟ್ಟಲು ಎಷ್ಟು ಹೊತ್ತು? ಚಿಕ್ಕಪ್ಪನ ಬಾಯಿಂದ ಕೇಳುವುದಕ್ಕಿಂತ ಅಕ್ಕನೇ ತಾವು ಮದುವೆಯಾಗುವ ಹುಡುಗನಿಗೆ ಹೇಳುವುದು ಮೇಲು. ಹೇಳುವುದೋ ಬಿಡುವುದೋ ಅವರ ತೀರ್ಮಾನ. ಮದುವೆ ಮುಗಿಯುವವರೆಗೆ ಹೊಸ ವಿಡಿಯೊ ಹಾಕಬೇಡ ಎಂದು ಅಕ್ಕ ಕೇಳಿದರೆ ಒಪ್ಪಿಕೊಳ್ಳಿ, ಅಷ್ಟು ಮಾಡಬಹುದು. ವೇದಿಕೆಯನ್ನೇ ಬಿಡುತ್ತೇನೆ ಎಂದು ಮಾತ್ರ ಯಾರಿಗೂ ಮಾತು ಕೊಡಬೇಡಿ. ಇದರಿಂದ ಸಂಬಂಧ ಮುರಿದರೆ ನೋವು ಅಕ್ಕನದೇ. ಹಾಗಾಗುವುದಿಲ್ಲ ಎಂದು ನಾನು ಭರವಸೆ ಕೊಡಲಾರೆ.

ಕಾಫಿ ಕೊಯ್ಲಿಗೆ ಒಂದು ವಾರ ರಜೆ ಹಾಕಿ ಊರಿಗೆ ಹೋಗಿ. ಆಳು ಸಿಗದ ಹೊತ್ತಿನಲ್ಲಿ ಬಂದು ಹಣ್ಣು ಕೊಯ್ಯುವ ಮಗನನ್ನು ಅಪ್ಪ ಹೊರಗೆ ಹಾಕಲಾರರು ಎಂದುಕೊಂಡಿದ್ದೇನೆ. ಅಪ್ಪ ಮಾತಾಡದಿದ್ದರೆ ನೀವೂ ಮೇಲೆ ಬಿದ್ದು ಮಾತಾಡಿಸಬೇಡಿ, ಲೆಕ್ಕದ ಪುಸ್ತಕ ಮತ್ತು ಫೋಟೊಗಳನ್ನು ಅಮ್ಮನ ಕೈಲಿ ಕೊಟ್ಟುಬನ್ನಿ. ವಾಪಸ್ ಬಸ್ಸಿನ ಟಿಕೆಟ್ಟನ್ನು ಮಾತ್ರ ಬೆಂಗಳೂರು ಬಿಡುವ ಮೊದಲೇ ಮಾಡಿಸಿಕೊಂಡು ಹೋಗಿ.